ಪ್ಯಾರೀಸ್ ಕಾರ್ನರ್‌ನ ಕಲ್ಲುಕಂಬ: ಮದ್ರಾಸು ಕೈ ಬದಲಾದ ಕಥೆ

ಚೆನ್ನೈನಲ್ಲಿ ಕೆಲಸ ಮಾಡೋ ನಮ್ಮವರಿಗೆಲ್ಲ ಓಎಂಆರ್ ಗೊತ್ತು, ಟೈಡಲ್ ಪಾರ್ಕ್ ಗೊತ್ತು. ಪ್ಯಾರೀಸ್ ಕಾರ್ನರ್ ಕಡೆ ಹೋಗೋದು ಕಡಿಮೆ. ಒಂದು ಭಾನುವಾರ ಬೆಳಿಗ್ಗೆ ಹೋಗಿಬನ್ನಿ. ಒಂದು ಕಡೆ ಹೈಕೋರ್ಟಿನ ಕೆಂಪು ಗೋಪುರಗಳು, ಎದುರಿಗೆ ಪ್ಯಾರಿ ಕಂಪನಿಯ ಡೇರ್ ಹೌಸ್. ಅದರ ಬಳಿ ಒಂದು ಹಳೇ ಕಲ್ಲುಕಂಬ ಇದೆ, 1773ರದ್ದು. ಥಾಮಸ್ ಪ್ಯಾರಿ ಇಲ್ಲಿ ವ್ಯಾಪಾರ ಶುರು ಮಾಡಿದ್ದು 1788ರಲ್ಲಿ, ಅಂದರೆ ಕಂಬ ಅವನಿಗಿಂತ ಹಿಂದಿನದು. ಅದನ್ನ ಯಾಕೆ ನೆಟ್ಟರು ಅನ್ನೋದೇ ಇವತ್ತಿನ ಮಾತು.

ಮೊದಲಿಂದ ಬರೋಣ. 1639ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಫ್ರಾನ್ಸಿಸ್ ಡೇಗೆ ಈ ಮರಳು ದಂಡೆಯಲ್ಲಿ ಕೋಟೆ ಕಟ್ಟೋಕೆ ಅನುಮತಿ ಕೊಟ್ಟವನು ದಾಮರ್ಲ ವೆಂಕಟಪ್ಪ ನಾಯಕ. ಅವನ ಮೇಲೆ ಯಾರು? ನಮ್ಮ ವಿಜಯನಗರದ ಕೊನೆಯ ವಂಶ, ಅರವೀಡು ಅರಸರು. ಹಂಪಿ ಹಾಳಾಗಿತ್ತು, ಆದರೆ ಅಧಿಕಾರದ ಮುದ್ರೆ ಇನ್ನೂ ಅವರದ್ದೇ. ಬಂದರಿನ ಸುಂಕದಲ್ಲಿ ಅರ್ಧ ನಾಯಕನಿಗೆ ಅಂತ ಮಾತಾಯಿತು. ಆಮೇಲೆ ಗೋಲ್ಕೊಂಡದವರು ಬಂದರು. 1672ರಲ್ಲಿ ವರ್ಷಕ್ಕೆ 1,200 ವರಹ ಕಟ್ಟಬೇಕು ಅಂತ ಗೊತ್ತಾಯಿತು. ಇಂಗ್ಲಿಷರು ಪಗೋಡ ಅಂತಿದ್ದದ್ದು ಇದೇ ನಮ್ಮ ವರಹವನ್ನ. ಅಂದರೆ ಲೆಕ್ಕದಲ್ಲಿ ಕಂಪನಿ ಬಾಡಿಗೆದಾರ. ಜಾಗ ಬೇರೆಯವರದ್ದು.

ಈಗ 1746ಕ್ಕೆ ಬನ್ನಿ. ಯೂರೋಪಿನಲ್ಲಿ ಆಸ್ಟ್ರಿಯಾದ ಸಿಂಹಾಸನಕ್ಕಾಗಿ ಯುದ್ಧ ನಡೀತಿತ್ತು, ಅದರ ಬಿಸಿ ಕೋರಮಂಡಲ ತೀರಕ್ಕೂ ತಟ್ಟಿತು. ಸೆಪ್ಟೆಂಬರ್‌ನಲ್ಲಿ ಫ್ರೆಂಚ್ ನೌಕಾಪಡೆಯ ಲಾ ಬೋರ್ಡೊನೆ ಮದ್ರಾಸನ್ನು ಹಿಡಿದ. 11 ಲಕ್ಷ ವರಹ ಕೊಟ್ಟರೆ ಊರು ವಾಪಸ್ ಅಂತ ಇಂಗ್ಲಿಷರ ಜೊತೆ ಒಪ್ಪಂದ ಮಾಡಿಕೊಂಡ. ಪಾಂಡಿಚೇರಿಯ ಗವರ್ನರ್ ಡೂಪ್ಲೆ ಒಪ್ಪಲಿಲ್ಲ. ಇತ್ತ ಆರ್ಕಾಟಿನ ನವಾಬ ಅನ್ವರುದ್ದೀನ್, 'ಇದು ನನ್ನ ಸೀಮೆ, ನನಗೆ ಒಪ್ಪಿಸಿ' ಅಂದ. ಡೂಪ್ಲೆ ಹಾಗೇ ಮಾತು ಕೊಟ್ಟಿದ್ದ. ಆದರೆ ಒಪ್ಪಿಸಲಿಲ್ಲ. ನವಾಬನ ದೊಡ್ಡ ಸೈನ್ಯ ಬಂತು, ಅಡ್ಯಾರ್ ನದಿಯ ಹತ್ತಿರ ಸಣ್ಣದೊಂದು ಫ್ರೆಂಚ್ ಪಡೆಗೆ ಸೋತಿತು. ಶಾಲೆಯಲ್ಲಿ ಓದಿದ 'ಕರ್ನಾಟಿಕ್ ಯುದ್ಧ' ಇದೇ ನೋಡಿ. ಹೆಸರು ನಮ್ಮದು, ನಡೆದದ್ದು ತಮಿಳು ನೆಲದಲ್ಲಿ.

ಹಾಗಾದರೆ ಮದ್ರಾಸು ಯಾರದ್ದು ಅಂತ ತೀರ್ಮಾನ ಆಗಿದ್ದೆಲ್ಲಿ? ಇಲ್ಲಲ್ಲ. ಈಗಿನ ಜರ್ಮನಿಯ ಆಕನ್ ಊರಲ್ಲಿ, 1748ರ ಅಕ್ಟೋಬರ್‌ನಲ್ಲಿ. ಇಂಗ್ಲಿಷರ ಕೈಲಿ ಉತ್ತರ ಅಮೆರಿಕದ ಲೂಯಿಬೋರ್ಗ್ ಕೋಟೆ ಇತ್ತು. ಕಾಡ್ ಮೀನಿನ ವ್ಯಾಪಾರಕ್ಕೆ ಅದು ಫ್ರೆಂಚರಿಗೆ ಬೇಕೇ ಬೇಕಿತ್ತು. ಫ್ರೆಂಚರ ಕೈಲಿ ಮದ್ರಾಸಿತ್ತು. ಗೆದ್ದದ್ದನ್ನೆಲ್ಲ ಪರಸ್ಪರ ಹಿಂದಿರುಗಿಸೋದು ಅಂತ ಒಪ್ಪಂದವಾಯಿತು. ಸ್ಪೇನಿನ ಅಮೆರಿಕಕ್ಕೆ ಗುಲಾಮರನ್ನು ಮಾರುವ ಬ್ರಿಟಿಷರ ಗುತ್ತಿಗೆಯನ್ನು ನಾಲ್ಕು ವರ್ಷ ಮುಂದುವರಿಸಿದ್ದೂ ಅದೇ ಕಾಗದದಲ್ಲಿ. ವ್ಯಾಪಾರ, ನೆಲ, ಮನುಷ್ಯರು ಎಲ್ಲ ಒಂದೇ ಪಟ್ಟಿ! 1749ರಲ್ಲಿ ಮದ್ರಾಸು ಇಂಗ್ಲಿಷರಿಗೆ ವಾಪಸ್ ಬಂತು. ಬಾಡಿಗೆ ಪಡೀತಿದ್ದ ನವಾಬನನ್ನು ಆ ಮೇಜಿಗೆ ಯಾರೂ ಕರೆದಿರಲಿಲ್ಲ. ಲೂಯಿಬೋರ್ಗ್ ಹಿಡಿಯೋಕೆ ಪ್ರಾಣ ಕೊಟ್ಟ ನ್ಯೂ ಇಂಗ್ಲೆಂಡ್ ಜನರನ್ನೂ ಕೇಳಲಿಲ್ಲ, ಅವರಿಗೆ ಅದರ ಸಿಟ್ಟು ಉಳಿಯಿತು.

ಇನ್ನು ಕೋಟೆಯ ಉತ್ತರಕ್ಕಿದ್ದ 'ಬ್ಲ್ಯಾಕ್ ಟೌನ್' ಜನರ ಪಾಡು ಕೇಳಿ. ನೇಕಾರರು, ವರ್ತಕರು, ದುಬಾಷಿಗಳು ಇದ್ದ ಊರು ಅದು. ಕೋಟೆಗೆ ಅಂಟಿದ್ದ ಮನೆಗಳನ್ನು ಫ್ರೆಂಚರು ಕೆಡವಿದರು. 1758-59ರಲ್ಲಿ ಲಾಲಿಯ ಮುತ್ತಿಗೆ ಮುಗಿದ ಮೇಲೆ, ಫಿರಂಗಿಗೆ ಅಡ್ಡ ಬರಬಾರದು ಅಂತ ಇಂಗ್ಲಿಷರೇ ಕೋಟೆಯ ಮುಂದಿನ ಜಾಗವನ್ನು ಬಯಲು ಮಾಡಿದರು. ಬಯಲಿನ ಅಂಚಿಗೆ ಆರು ಕಂಬ ನೆಟ್ಟರು: ಇದರ ಈಚೆಗೆ ಮನೆ ಕಟ್ಟಬೇಡಿ! ಉಳಿದಿರೋದು ಪ್ಯಾರೀಸ್ ಕಾರ್ನರ್‌ನದ್ದು ಒಂದೇ. ಹೈಕೋರ್ಟ್ ನಿಂತಿರೋದು ಹಾಗೆ ಖಾಲಿಯಾದ ಬೀದಿಗಳ ಮೇಲೆ.

ಹಳೇ ಕಥೆ ಅನ್ಸುತ್ತಾ? 2025ರ ಮೇ ತಿಂಗಳಲ್ಲಿ ಬ್ರಿಟನ್ ಮತ್ತು ಮಾರಿಷಸ್ ಚಾಗೋಸ್ ದ್ವೀಪಗಳ ಬಗ್ಗೆ ಸಹಿ ಹಾಕಿದವು. ಸಾರ್ವಭೌಮತ್ವ ಮಾರಿಷಸ್‌ಗೆ, ಡಿಯಾಗೋ ಗಾರ್ಸಿಯಾ ಸೇನಾನೆಲೆ 99 ವರ್ಷ ಬ್ರಿಟನ್ನಿಗೆ, ಅದಕ್ಕೆ ವರ್ಷಕ್ಕೆ ಸರಾಸರಿ 10.1 ಕೋಟಿ ಪೌಂಡ್. 1,200 ವರಹ ನೆನಪಾಯ್ತಲ್ವಾ? ಆ ನೆಲೆಗಾಗಿ ದ್ವೀಪದಿಂದ ಎತ್ತಂಗಡಿಯಾದ ಚಾಗೋಸ್ ಜನರಲ್ಲಿ ಹಲವರ ದೂರು ಒಂದೇ: ನಮ್ಮನ್ನು ಕೇಳಲಿಲ್ಲ.

ಊರು ಬಿಟ್ಟು ಊರಿಗೆ ಬಂದ ನಮಗೆ ಈ ಮಾತು ಅರ್ಥವಾಗಬೇಕು. ನಾವು ಬಂದದ್ದು ಕೆಲಸ ಹುಡುಕಿಕೊಂಡು, ನಮ್ಮ ಇಷ್ಟದಿಂದ. ಅವರನ್ನು ಕದಲಿಸಿದ್ದು ಯಾರೋ ಎಲ್ಲೋ ಹಾಕಿದ ಸಹಿ. ಇನ್ಮೇಲೆ ಸುದ್ದಿಯಲ್ಲಿ ದೇಶ ದೇಶಗಳ ಒಪ್ಪಂದ, ದ್ವೀಪ, ಬಂದರು ಅಂತ ಬಂದಾಗ ಯಾರು ಗೆದ್ದರು ಅಂತ ನೋಡೋ ಮೊದಲು, ಅಲ್ಲಿ ಮನೆ ಇದ್ದವರು ಮೇಜಿನ ಹತ್ತಿರ ಇದ್ದರಾ ಅಂತ ನೋಡಿ. ಆ ಕಲ್ಲುಕಂಬದ ಮುಂದೆ ನಿಂತರೆ ಕೇಳಬೇಕಾದ ಪ್ರಶ್ನೆ ಅದೇ.