ಬಸ್ಸು ಹೊತ್ತು ತಂದ ಪಹಣಿ

ಹುಂಚದ ಸುತ್ತಮುತ್ತ ಮನೆಗಳೆಲ್ಲ ಒಂದೊಂದು ದಿಕ್ಕಿಗೆ. ತೋಟ, ಗದ್ದೆ, ಕಾಡು ದಾಟಿದರೆ ಇನ್ನೊಂದು ಮನೆ. ಫೋನು ಬರುವ ಮೊದಲು ಇಂಥ ಕಡೆ ಸುದ್ದಿ ಹೇಗೆ ತಲುಪುತ್ತಿತ್ತು? ಆ ಕಡೆ ಹೋಗುವವರ ಕೈಯಲ್ಲಿ. ಮದುವೆ ಕಾಗದವನ್ನು ಬಸ್ ಕಂಡಕ್ಟರಿಗೆ ಕೊಟ್ಟರೆ ಅವರು ಸ್ಟಾಪಿನ ಅಂಗಡಿಯಲ್ಲಿ ಇಡುತ್ತಿದ್ದರು. ಸಾಮಾನಿಗೆ ಬಂದ ನೆರೆಯವರು ಅದನ್ನು ಮನೆಗೆ ಮುಟ್ಟಿಸುತ್ತಿದ್ದರು. ಇಬ್ಬರು ಎದುರಾದರೆ ಸುದ್ದಿ ಮುಂದೆ ಹೋಯಿತು. ಇಲ್ಲದಿದ್ದರೆ ಕಾಯಬೇಕು.

ಇದೇ ಉಪಾಯವನ್ನು ಕಂಪ್ಯೂಟರಿಗೂ ಬಳಸಿದ್ದು ನಮ್ಮ ರಾಜ್ಯದಲ್ಲೇ. ‘ಭೂಮಿ’ ಯೋಜನೆಯಿಂದ ಪಹಣಿಗಳು ಕಂಪ್ಯೂಟರ್ ಸೇರಿದವು. ಆದರೆ ಅದನ್ನು ಪಡೆಯಲು ರೈತರು ತಾಲ್ಲೂಕು ಕಚೇರಿಗೇ ಹೋಗಬೇಕಿತ್ತು. ಆಗ ದೊಡ್ಡಬಳ್ಳಾಪುರದಲ್ಲಿ ಒಂದು ಸರ್ಕಾರಿ ಬಸ್ಸಿಗೆ ವೈಫೈ ಪೆಟ್ಟಿಗೆ ಕೂರಿಸಿದರು. ಬಸ್ಸು ಹಳ್ಳಿಯಲ್ಲಿ ನಿಂತಾಗ ಅಲ್ಲಿನ ಕಂಪ್ಯೂಟರಿನಿಂದ ಪಹಣಿಯ ಬೇಡಿಕೆ ಬಸ್ಸಿಗೆ ಏರುತ್ತಿತ್ತು. ತಾಲ್ಲೂಕು ಕೇಂದ್ರದಲ್ಲಿ ಇಳಿದು, ಉತ್ತರ ಅದೇ ಬಸ್ಸಿನಲ್ಲಿ ವಾಪಸ್ಸು ಬರುತ್ತಿತ್ತು. ಹಳ್ಳಿಯಲ್ಲೇ 15 ರೂಪಾಯಿಗೆ ಪಹಣಿ ಕೈಗೆ. ಇದರ ಹೆಸರು ‘ಡಾಕ್‌ನೆಟ್’, ಡಾಕ್ ಎಂದರೆ ಅಂಚೆ. ಅಮೆರಿಕದ ಎಂಐಟಿಯ ಅಲೆಕ್ಸ್ ಪೆಂಟ್‌ಲ್ಯಾಂಡ್ ಮತ್ತು ಸಂಗಡಿಗರು 2004ರ ಜನವರಿಯಲ್ಲಿ ಇದರ ವಿವರ ಪ್ರಕಟಿಸಿದರು. ಒಂದು ಭೇಟಿ ಸರಾಸರಿ 2 ನಿಮಿಷ 34 ಸೆಕೆಂಡು. ಅಷ್ಟರಲ್ಲಿ ಸುಮಾರು 21 ಎಂಬಿ ಮಾಹಿತಿ ದಾಟುತ್ತಿತ್ತು.

ಬಸ್ಸಿಗೆ ಟೈಮಿದೆ. ಜೇಬಿನಲ್ಲಿ ಫೋನಿಟ್ಟುಕೊಂಡು ಓಡಾಡುವ ಮನುಷ್ಯರಿಗೆ? ಟವರ್ ಇಲ್ಲದೆ ಫೋನಿಂದ ಫೋನಿಗೆ ಸಂದೇಶ ದಾಟಿಸಬೇಕಾದರೆ ಯಾರು ಯಾರಿಗೆ ಯಾವಾಗ ಎದುರಾಗುತ್ತಾರೆ ಎಂಬ ಲೆಕ್ಕ ಬೇಕು. 1996ರಲ್ಲಿ ಜಾನ್ಸನ್ ಮತ್ತು ಮಾಲ್ಟ್ಸ್ ಎಂಬುವರು ಒಂದು ಸುಲಭದ ಲೆಕ್ಕ ಕೊಟ್ಟರು: ಪ್ರತಿಯೊಬ್ಬರೂ ಮನಸ್ಸಿಗೆ ಬಂದ ಜಾಗ ಆರಿಸಿ ನೇರ ನಡೆಯುತ್ತಾರೆ, ಸ್ವಲ್ಪ ನಿಲ್ಲುತ್ತಾರೆ, ಮತ್ತೊಂದು ಜಾಗಕ್ಕೆ ಹೊರಡುತ್ತಾರೆ.

ಆದರೆ ನಾವು ಹಾಗೆ ತಿರುಗುತ್ತೇವೆಯೇ? ಡೈರಿ, ಸೊಸೈಟಿ, ಸಂತೆ, ಶಾಲೆ. ನಮ್ಮ ದಾರಿ ಗೊತ್ತಿರುವ ದಾರಿಯೇ. ಕೇಂಬ್ರಿಜ್‌ನ ಜಾನ್ ಕ್ರೌಕ್ರಾಫ್ಟ್ ಮತ್ತು ಇತರರು ಜನರ ಬಳಿ ಪುಟ್ಟ ಬ್ಲೂಟೂತ್ ಸಾಧನ ಕೊಟ್ಟು ನಿಜವಾದ ಭೇಟಿಗಳನ್ನೇ ದಾಖಲಿಸಿದರು. 2006ರಲ್ಲಿ ಪ್ರಕಟವಾದ ಫಲ ಹೀಗಿತ್ತು: ಹೆಚ್ಚಿನ ಜೋಡಿಗಳು ಬೇಗ ಮತ್ತೆ ಎದುರಾಗುತ್ತವೆ, ಆದರೆ ಕೆಲವು ಭೇಟಿಗಳ ನಡುವಿನ ಅಂತರ ಹಳೆಯ ಲೆಕ್ಕ ಹೇಳಿದ್ದಕ್ಕಿಂತ ತುಂಬ ಉದ್ದ. ಅಂಥ ಕಡೆ ಸರಾಸರಿ ನಂಬಿ ಕೂತರೆ ಸಂದೇಶ ತುಂಬ ತಡವಾಗಬಹುದು.

ನಮಗೆ ಈ ಮಾತು ಹೊಸದಲ್ಲ. ರಸ್ತೆ ಬದಿಯ ಮನೆಗೆ ದಿನಕ್ಕೆ ಹತ್ತು ಜನ ಸಿಗುತ್ತಾರೆ. ಕಾಡಿನೊಳಗಿನ ಒಂಟಿ ಮನೆಗೆ ಮಳೆಗಾಲದಲ್ಲಿ ವಾರವಾದರೂ ಯಾರೂ ಸಿಗುವುದಿಲ್ಲ. ಕೊರೊನಾ ಕಾಲದಲ್ಲಿ ಪಾಠ ಕೇಳಲು ಗುಡ್ಡ ಹತ್ತಿದ್ದು ಆ ಮನೆಯ ಮಕ್ಕಳೇ. ‘ಊರಿಗೆ ನೆಟ್‌ವರ್ಕ್ ಇದೆ’ ಎಂಬ ಸರಾಸರಿ ಲೆಕ್ಕದಲ್ಲಿ ಅವರು ಕಾಣುವುದಿಲ್ಲ. ಯಾವ ಯೋಜನೆ ಬಂದರೂ ನಾವು ಕೇಳಬೇಕಾದ್ದು ಒಂದೇ: ಎಲ್ಲರಿಗಿಂತ ಹೆಚ್ಚು ಕಾಯುವ ಮನೆ ಯಾವುದು?

ನಿಮ್ಮ ಮನೆಗೆ ಮೊದಲು ಕಾಗದ ತಂದುಕೊಡುತ್ತಿದ್ದವರು ಯಾರು? ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ.