ಮದರಾಸಿನ ಮರೀನಾ: ಒಂದು ಕಡಲತಡಿಯ ಸುಧಾರಣೆಯ ಇತಿಹಾಸ

ನಗರಗಳ ಸುಧಾರಣೆಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಅದನ್ನು ಕಟ್ಟಿಸಿದವರ ಕಡೆಯಿಂದಲೇ ಬರೆಯುವುದು ವಾಡಿಕೆ. ಯಾವ ರಸ್ತೆಯನ್ನು ಯಾವ ಗವರ್ನರನು ಹಾಕಿಸಿದನು, ಯಾವ ಸೌಧಕ್ಕೆ ಯಾವ ಶಿಲ್ಪಿ ನಕ್ಷೆ ತೆಗೆದನು ಎಂಬ ವಿವರಗಳು ಸರಕಾರದ ಕಡತಗಳಲ್ಲಿ ಹೇರಳವಾಗಿ ದೊರೆಯುತ್ತವೆ. ಆ ನೆಲದ ಮೇಲೆ ಮೊದಲೇ ಬಾಳುತ್ತಿದ್ದವರ ಅಭಿಪ್ರಾಯವೇನಿತ್ತು ಎಂಬುದು ಮಾತ್ರ ಅಷ್ಟು ಸುಲಭವಾಗಿ ಸಿಕ್ಕುವುದಿಲ್ಲ. ಮದರಾಸಿನ, ಅಂದರೆ ಇಂದಿನ ಚೆನ್ನೈಯ, ಮರೀನಾ ಕಡಲತಡಿ ಇದಕ್ಕೆ ಒಳ್ಳೆಯ ನಿದರ್ಶನ. ಸುಮಾರು ನೂರ ನಲವತ್ತು ವರ್ಷಗಳಿಂದ ಅದನ್ನು ಸುಧಾರಿಸುವ ಪ್ರಯತ್ನಗಳು ಒಂದಾದ ಮೇಲೊಂದು ನಡೆದಿವೆ. ಆ ಪ್ರಯತ್ನಗಳಲ್ಲಿ ತೀರವಾಸಿಗಳಿಗೆ ಎಷ್ಟು ಪಾಲಿತ್ತು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಈಗ ನಾವು ಕಾಣುವ ವಿಶಾಲವಾದ ಮರಳ ಹಾಸು ಪೂರ್ಣವಾಗಿ ಪ್ರಕೃತಿಯ ಕೊಡುಗೆಯಲ್ಲ. ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಸಮುದ್ರವು ಇಂದಿಗಿಂತ ಬಹಳ ಸಮೀಪದಲ್ಲಿ ಮೊರೆಯುತ್ತಿತ್ತು. 1870ರ ದಶಕದಲ್ಲಿ ಉತ್ತರಕ್ಕೆ ಬಂದರಿನ ಅಡ್ಡಗೋಡೆಗಳ ಕೆಲಸ ಆರಂಭವಾಯಿತು. ಕೋರಮಂಡಲ ತೀರದಲ್ಲಿ ವರ್ಷದ ಬಹುಭಾಗ ಅಲೆಗಳು ಮರಳನ್ನು ದಕ್ಷಿಣದಿಂದ ಉತ್ತರಕ್ಕೆ ಸಾಗಿಸುತ್ತವೆ. ಗೋಡೆಗಳು ಆ ಸಂಚಾರಕ್ಕೆ ತಡೆಯೊಡ್ಡಿದುದರಿಂದ ದಕ್ಷಿಣದಲ್ಲಿ ಮರಳು ಸಂಚಯವಾಗಿ ಮರೀನಾ ಹಿಗ್ಗಿತು. ಉತ್ತರದ ರಾಯಪುರಂ, ತಿರುವೊಟ್ರಿಯೂರು ಕಡೆಗಳಲ್ಲಿ ದಡವು ಕೊರೆದುಹೋಯಿತು. ಒಂದೇ ಗೋಡೆ ಒಂದು ಕಡೆಯ ಮೀನುಗಾರರ ಮನೆಗಳನ್ನು ಕಡಲ ಬಾಯಿಗೆ ಒಡ್ಡಿ, ಇನ್ನೊಂದು ಕಡೆ ನಗರಕ್ಕೆ ವಿಹಾರಸ್ಥಳವನ್ನು ನಿರ್ಮಿಸಿಕೊಟ್ಟಿತು.

1881ರಿಂದ 1886ರವರೆಗೆ ಗವರ್ನರನಾಗಿದ್ದ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಗ್ರಾಂಟ್ ಡಫನು ಈ ತೀರದುದ್ದಕ್ಕೂ ವಿಹಾರ ಮಾರ್ಗವನ್ನು ಮಾಡಿಸಿ, 1884ರಲ್ಲಿ ಅದಕ್ಕೆ ಮರೀನಾ ಎಂಬ ಹೆಸರನ್ನಿಟ್ಟನು. ಆ ಹೆಸರು ಅವನಿಗೆ ಹೊಳೆದುದು ಸಿಸಿಲಿ ದ್ವೀಪದ ನೆನಪಿನಿಂದ. ತೀರದಲ್ಲಿ ನೆಲೆಸಿದ್ದವರ ಬಾಯಲ್ಲಿ ಆ ಮರಳಿಗೆ ಯಾವ ಹೆಸರಿತ್ತೆಂಬ ವಿಚಾರಣೆ ಅವನಿಗೆ ಅಗತ್ಯವೆನಿಸಲಿಲ್ಲ. ರಸ್ತೆಯ ಪಶ್ಚಿಮಕ್ಕೆ 1768ರ ಚೇಪಾಕು ಅರಮನೆ ಮೊದಲೇ ಇತ್ತು. ಪ್ರೆಸಿಡೆನ್ಸಿ ಕಾಲೇಜು, ಚಿಸಂ ನಿರ್ಮಿಸಿದ ಸೆನೆಟ್ ಹೌಸು 1870ರ ದಶಕದ ಹೊತ್ತಿಗೆ ಎದ್ದು ನಿಂತಿದ್ದವು. 1914ರಲ್ಲಿ ಕ್ವೀನ್ ಮೇರೀಸ್ ಕಾಲೇಜು ಆರಂಭವಾಯಿತು. ಈ ಸೌಧಪಂಕ್ತಿ ಕನ್ನಡಿಗರಿಗೂ ಅಪರಿಚಿತವಲ್ಲ. 1956ರವರೆಗೆ ದಕ್ಷಿಣ ಕನ್ನಡವು ಮದರಾಸಿಗೆ ಸೇರಿದ್ದ ಕಾಲದಲ್ಲಿ ಮಂಗಳೂರಿನ ಕಡೆಯ ತರುಣರು ಉಚ್ಚ ಶಿಕ್ಷಣಕ್ಕೆಂದು ಬರುತ್ತಿದ್ದುದು ಈ ನಗರಕ್ಕೇ. ಮದರಾಸು ವಿಶ್ವವಿದ್ಯಾನಿಲಯದ ಕನ್ನಡ ವಿಭಾಗದ ನೆಲೆಯೂ ಈ ಕಡಲತಡಿಯ ಆವರಣವೇ.

ಆದರೆ ವಿದ್ಯಾಮಂದಿರಗಳ ಕಿಟಕಿಯಿಂದ ಕಾಣುವ ಮರೀನಾ ಬೇರೆ, ಕುಪ್ಪಂಗಳ ಅಂಗಳದಿಂದ ಕಾಣುವ ಮರೀನಾ ಬೇರೆ. ತಮಿಳಿನಲ್ಲಿ ಕುಪ್ಪಂ ಎಂದರೆ ಮೀನುಗಾರರ ಕೇರಿ. ಅಯೋಧ್ಯಾಕುಪ್ಪಂ, ನಡುಕುಪ್ಪಂ, ನೊಚ್ಚಿಕುಪ್ಪಂಗಳ ಜನರಿಗೆ ಮರಳೆಂಬುದು ಗಾಳಿ ಸೇವಿಸುವ ಸ್ಥಳವಲ್ಲ, ವೃತ್ತಿಯ ಕಣ. ಕಟ್ಟುಮರವನ್ನು ಎಳೆದು ನಿಲ್ಲಿಸಲು, ಬಲೆಯನ್ನು ಹರಡಿ ಹರಿದುದನ್ನು ಹೆಣೆಯಲು, ಮೀನನ್ನು ಒಣಗಿಸಲು, ಹರಾಜು ಕೂಗಲು ಬಯಲು ಬೇಕು. ನಮ್ಮ ಕರಾವಳಿಯ ರಂಪಣಿ ಬಲೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹತ್ತಾರು ಜನರು ದಡದ ಮೇಲೆ ಸಾಲುಗಟ್ಟಿ ಬಲೆಯೆಳೆಯುವಾಗ ಬರಿದಾಗಿ ತೋರುವ ಆ ಮರಳೆಲ್ಲವೂ ಉಪಯೋಗಕ್ಕೆ ಬರುತ್ತದೆ. ಋತು ಬದಲಾದಂತೆ ದೋಣಿ ತಂಗುವ ಜಾಗವೂ ಬದಲಾಗುವುದರಿಂದ, ಇಂದು ಖಾಲಿ ಕಂಡ ನೆಲ ಎಂದೆಂದಿಗೂ ಖಾಲಿಯೆಂದು ಬಗೆಯುವುದು ಸರಿಯಲ್ಲ.

ಮರೀನಾ ಸಾರ್ವಜನಿಕ ಸಭಾಂಗಣವೂ ಆಯಿತು. 1907ರಲ್ಲಿ ಬಿಪಿನ್ ಚಂದ್ರ ಪಾಲರು ಇಲ್ಲಿ ಸ್ವದೇಶಿಯ ಸಂದೇಶವನ್ನು ಸಾರಿದರು. ಮೀನುಗಾರ ಕುಲದಲ್ಲೇ ಹುಟ್ಟಿದ ಸಿಂಗಾರವೇಲರು 1923ರ ಮೇ 1ರಂದು ಭಾರತದ ಮೊದಲ ಕಾರ್ಮಿಕ ದಿನವನ್ನು ಮದರಾಸಿನ ಕಡಲತಡಿಯಲ್ಲಿ ಆಚರಿಸಿದರು. 1959ರಲ್ಲಿ ದೇವಿಪ್ರಸಾದ ರಾಯ್ ಚೌಧುರಿಯವರ ಶ್ರಮವಿಜಯದ ಪ್ರತಿಮೆ ಇಲ್ಲಿ ಸ್ಥಾಪಿತವಾಯಿತು. ಶ್ರಮಿಕನಿಗೆ ಶಿಲ್ಪದಲ್ಲಿ ಸ್ಥಾನ ದೊರೆತ ಈ ತೀರದಲ್ಲಿ ಶ್ರಮಿಕನ ದೋಣಿಗೆ ಸ್ಥಾನವಿದೆಯೇ ಎಂಬ ಪ್ರಶ್ನೆ ಏಳಲು ಹೆಚ್ಚು ಕಾಲ ಹಿಡಿಯಲಿಲ್ಲ.

1985ರಲ್ಲಿ ರಾಜ್ಯ ಸರಕಾರವು ಕಡಲತಡಿಯ ಸೌಂದರ್ಯವರ್ಧನೆಗೆಂದು ಕಟ್ಟುಮರಗಳನ್ನೂ ಬಲೆಗಳನ್ನೂ ಮರೀನಾದಿಂದ ತೆರವುಗೊಳಿಸಲು ಹೊರಟಿತು. ಮೀನುಗಾರರು ಪ್ರತಿಭಟಿಸಿದರು. ಡಿಸೆಂಬರಿನಲ್ಲಿ ಪೋಲೀಸರು ಗುಂಡು ಹಾರಿಸಿದರು. ಕೆಲವರು ಪ್ರಾಣ ಕಳೆದುಕೊಂಡರು. ಉದ್ಯಾನ, ದೀಪ, ಕಾಲುದಾರಿಗಳ ಯೋಜನೆಯೊಂದು ಜೀವಹಾನಿಯಲ್ಲಿ ಕೊನೆಗಂಡುದು ಯೋಚನೆಗೆ ಹಚ್ಚುವ ಸಂಗತಿ. ಯೋಜಕರ ನಕ್ಷೆಯಲ್ಲಿ ದೋಣಿಯು ತೀರದ ಅಂಗವಾಗಿರದೆ ತೀರದ ಕೊಳೆಯಾಗಿತ್ತು. ಅದರ ಒಡೆಯನನ್ನು ಕರೆದು ಮಾತನಾಡಿಸಿದ್ದರೆ, ನೋಡುವವನಿಗೆ ದಾರಿಯನ್ನೂ ದುಡಿಯುವವನಿಗೆ ಜಾಗವನ್ನೂ ಒಟ್ಟಿಗೆ ಕಲ್ಪಿಸುವ ಉಪಾಯ ಹೊಳೆಯದಿರುತ್ತಿರಲಿಲ್ಲ.

2003ರಲ್ಲಿ ಇನ್ನೊಂದು ಪರೀಕ್ಷೆ ಬಂದಿತು. ಹೊಸ ಸಚಿವಾಲಯಕ್ಕಾಗಿ ಕ್ವೀನ್ ಮೇರೀಸ್ ಕಾಲೇಜನ್ನು ಕೆಡವುವ ಪ್ರಸ್ತಾಪವಾಯಿತು. ಮಲೇಷ್ಯಾದ ಸಹಕಾರದಿಂದ ಕಡಲತಡಿಯನ್ನು ಹೊಸದಾಗಿ ರೂಪಿಸುವ ಮಾತೂ ಕೇಳಿಬಂದಿತು. ವಿದ್ಯಾರ್ಥಿನಿಯರು ಕಾಲೇಜನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಮೀನುಗಾರರೂ ನಾಗರಿಕರೂ ದನಿಯೆತ್ತಿದರು. ಪ್ರಸ್ತಾಪಗಳು ಹಿಂದೆ ಸರಿದವು. ಮರುವರ್ಷ ಡಿಸೆಂಬರ್ 26ರ ಸುನಾಮಿ ಇದೇ ಮರಳನ್ನು ದಾಟಿ ಕುಪ್ಪಂಗಳಿಗೆ ನುಗ್ಗಿ, ತೀರದ ಬಯಲು ನಗರಕ್ಕೆ ರಕ್ಷಣೆಯೂ ಹೌದೆಂಬುದನ್ನು ಎಲ್ಲರಿಗೂ ಮನಗಾಣಿಸಿತು.

ಕಾನೂನಿನಲ್ಲಿಯೂ ಈ ನಡುವೆ ಬದಲಾವಣೆಯಾಗಿತ್ತು. ತೀರದ ನಿರ್ಮಾಣಗಳನ್ನು ನಿಯಂತ್ರಿಸುವ ಕೇಂದ್ರದ ಅಧಿಸೂಚನೆ 1991ರಲ್ಲಿ ಹೊರಟಿತು. ಅದರ ಸ್ಥಾನದಲ್ಲಿ ಬಂದ 2011ರ ಅಧಿಸೂಚನೆಯು ಮೀನುಗಾರರ ಹಳ್ಳಿಗಳು, ಅವರ ಸಮುದಾಯ ಭೂಮಿ, ಮೀನು ಒಣಗಿಸುವ ಕಣಗಳನ್ನು ನಕ್ಷೆಯಲ್ಲಿ ಗುರುತಿಸಬೇಕೆಂದೂ, ಅವರ ಮುಂದಿನ ವಸತಿಗೆ ದೀರ್ಘಕಾಲದ ಯೋಜನೆ ಮಾಡಬೇಕೆಂದೂ ವಿಧಿಸಿತು. ಅಡ್ಯಾರು ನದಿಯ ಮುಖದ ಬಳಿಯ ಊರೂರು ಓಲ್ಕಾಟ್ ಕುಪ್ಪಂನವರು ತಮ್ಮ ತೀರವನ್ನು ತಾವೇ ನಕ್ಷೆಗಿಳಿಸುವ ಕಾರ್ಯಕ್ಕೆ ಕೈಹಾಕಿದುದು ಇಲ್ಲಿ ಸ್ಮರಣೀಯ. ನಕ್ಷೆಯಲ್ಲಿಲ್ಲದ ನೆಲ ಅಧಿಕಾರಿಯ ಕಣ್ಣಿಗೆ ಯಾರದೂ ಅಲ್ಲದ ನೆಲ. ಹೆಸರು ಬರೆದೊಡನೆ ಅದಕ್ಕೊಬ್ಬ ವಾರಸುದಾರ ಹುಟ್ಟುತ್ತಾನೆ.

ಇತ್ತೀಚಿನ ಎರಡು ಪ್ರಸಂಗಗಳು ಈ ಮಾತಿಗೆ ಪುಷ್ಟಿ ಕೊಡುತ್ತವೆ. ಗಾಲಿಕುರ್ಚಿಯವರು ಮರಳನ್ನು ದಾಟಿ ನೀರಿನ ಅಂಚನ್ನು ಮುಟ್ಟಲಾರದೆ ಇದ್ದರು. ಅಂಗವಿಕಲರ ಸಂಘಟನೆಗಳು ವರ್ಷಗಳ ಕಾಲ ಒತ್ತಾಯಿಸಿದ ಮೇಲೆ, ಮೊದಲು ವರ್ಷಕ್ಕೆ ಕೆಲವು ದಿನ ತಾತ್ಕಾಲಿಕ ದಾರಿ ಹಾಸಲಾಗುತ್ತಿತ್ತು. 2022ರ ನವೆಂಬರಿನಲ್ಲಿ 263 ಮೀಟರು ಉದ್ದದ ಮರದ ಹಾದಿ ಸಿದ್ಧವಾಯಿತು. ಮುಂದಿನ ತಿಂಗಳೇ ಮಾಂಡೂಸ್ ಚಂಡಮಾರುತ ಅದನ್ನು ಕೆಡಿಸಿತಾದರೂ ಹಾದಿಯನ್ನು ದುರಸ್ತಿಗೊಳಿಸಲಾಯಿತು. ಬೇಡಿದವರು ಬಳಸುವವರೇ ಆಗಿದ್ದುದರಿಂದ ಅದರ ಅಗತ್ಯವನ್ನು ಯಾರೂ ಪ್ರಶ್ನಿಸಲಿಲ್ಲ. ಎರಡನೆಯದು ನೊಚ್ಚಿಕುಪ್ಪಂನ ಲೂಪ್ ರಸ್ತೆಯದು. 2023ರ ಏಪ್ರಿಲಿನಲ್ಲಿ ವಾಹನ ಸಂಚಾರಕ್ಕೆ ಅಡ್ಡಿಯೆಂದು ರಸ್ತೆಬದಿಯ ಮೀನಂಗಡಿಗಳನ್ನು ತೆಗೆಸಿದಾಗ, ರಸ್ತೆಯೇ ತಮ್ಮ ಕೇರಿಯೊಳಗೆ ಬಂದುದೆಂದು ಮೀನುಗಾರರು ವಾದಿಸಿದರು, ದೋಣಿಗಳನ್ನು ಅಡ್ಡವಿಟ್ಟರು. 2024ರ ಆಗಸ್ಟಿನಲ್ಲಿ ಅಲ್ಲಿಯೇ ಮುನ್ನೂರಕ್ಕೂ ಮಿಕ್ಕಿದ ಕಟ್ಟೆಗಳ ಮಾರುಕಟ್ಟೆ ತೆರೆಯಿತು. 1985ರಲ್ಲಿ ತೀರದಿಂದಲೇ ಹೊರಗೆಂದ ಸರಕಾರಿ ಬುದ್ಧಿ ಈಗ ಕೇರಿಯ ಮಗ್ಗುಲಲ್ಲೇ ಜಾಗ ಮಾಡಿಕೊಟ್ಟುದು ಸಣ್ಣ ಮುನ್ನಡೆಯಲ್ಲ. ಆದರೂ ಇಲ್ಲಿ ಜಗಳ ಮೊದಲು ಬಂದಿತು, ಸಮಾಲೋಚನೆ ಆಮೇಲೆ.

ಮರೀನಾ ಮೀನುಗಾರನೊಬ್ಬನದೇ ಸೊತ್ತೆಂದು ಹೇಳುವುದು ನಮ್ಮ ಅಭಿಪ್ರಾಯವಲ್ಲ. ಸಂಜೆ ಗಾಳಿಗೆ ಬರುವ ಗುಮಾಸ್ತನಿಗೂ, ಸುಂಡಲು ಮಾರುವ ಹುಡುಗನಿಗೂ, ಸಭೆ ಸೇರುವ ಪ್ರಜೆಗೂ ಅಲ್ಲಿ ಹಕ್ಕಿದೆ. ಹಕ್ಕುಗಳು ಹಲವಾಗಿರುವುದರಿಂದಲೇ ಒಬ್ಬರ ಕಣ್ಣಿಗೆ ಸೊಗಸಾದುದನ್ನು ಎಲ್ಲರ ಮೇಲೆ ಹೇರಲಾಗದು. ಕಡಲ ನಗರಗಳಲ್ಲಿ ಬದುಕು ಕಟ್ಟಿಕೊಂಡ ನಾವು ಬಹುಮಟ್ಟಿಗೆ ನೋಡುವವರ ಪಂಕ್ತಿಗೇ ಸೇರಿದವರು. ತೀರದ ಸುಧಾರಣೆಯ ಯೋಜನೆಯೊಂದು ಪತ್ರಿಕೆಯಲ್ಲಿ ಪ್ರಕಟವಾದಾಗ ಚಿತ್ರದ ಅಂದವನ್ನು ಮೆಚ್ಚುವ ಮೊದಲು, ಅದರಲ್ಲಿ ದೋಣಿಗಳನ್ನು ಎಲ್ಲಿ ಬರೆದಿದ್ದಾರೆ ಎಂದು ಹುಡುಕುವ ಅಭ್ಯಾಸವನ್ನು ನಾವು ರೂಢಿಸಿಕೊಳ್ಳುವುದು ಉಚಿತ.