ಹೊಟ್ಟು ಬಿಡದ ಗೋಧಿ

ಬೆಳಗಾವಿ, ಬಾಗಲಕೋಟೆ ಕಡೆ ಹುಗ್ಗಿಗೆ ಹಾಕುವ ಜವೆ ಗೋಧಿ ಸುಮಾರು 10,000 ವರ್ಷ ಹಳೆಯ ಬೆಳೆ. ಹೊರದೇಶದವರು ಇದನ್ನು ಎಮ್ಮರ್ ಅನ್ನುತ್ತಾರೆ. ಪಿರಮಿಡ್ ಕಟ್ಟಿದ ಈಜಿಪ್ಟಿನವರು ಇದರದೇ ರೊಟ್ಟಿ ತಿಂದರು. ಆಮೇಲೆ ಹೊಸ ಗೋಧಿಗಳ ಎದುರು ಮೂಲೆಗೆ ಬಿತ್ತು. ಮುಖ್ಯ ಕಾರಣ ಹೊಟ್ಟು. ಬಡಿದರೆ ತೆನೆ ತುಂಡಾಗುತ್ತದೆ, ಕಾಳು ಮಾತ್ರ ಬಿಡಿಸಿಕೊಳ್ಳುವುದಿಲ್ಲ; ಒರಳಲ್ಲಿ ಕುಟ್ಟಬೇಕು. ಆ ದುಡಿತ ಯಾರ ಪಾಲಿನದು ಅಂತ ನಾವು ಹೇಳಬೇಕಿಲ್ಲ.

ಅಮೆರಿಕದಲ್ಲಿ 2011ರ ನಂತರ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ನ್ಯೂಯಾರ್ಕ್, ಪೆನ್ಸಿಲ್ವೇನಿಯಾ, ಉತ್ತರ ಡಕೋಟಾದ ಸಾವಯವ ರೈತರ ಜೊತೆ ಸೇರಿ ಎಮ್ಮರ್, ಐನ್‌ಕಾರ್ನ್, ಸ್ಪೆಲ್ಟ್ ತಳಿಗಳನ್ನು ಬಿತ್ತಿ ನೋಡಿದರು. ಬರೀ ಇಳುವರಿ ತೂಗಿ ಬಿಡಲಿಲ್ಲ. ಬ್ರೆಡ್, ಪಾಸ್ತಾ ಮಾಡಿಸಿ ರುಚಿಯನ್ನೂ ನೋಡಿದರು. ಈ ಕಾಳುಗಳ ಹೊಟ್ಟು ಬಿಡಿಸುವುದನ್ನೂ ಪರೀಕ್ಷೆಗೆ ಸೇರಿಸಿದರು. ನಮಗೆ ದೊಡ್ಡದು ಅನ್ನಿಸಿದ್ದು ಇದೇ: ಹೊಲದಲ್ಲಿ ತೂಗಿದ ಚೀಲವೇ ಬೇರೆ, ಗಿರಣಿಯಿಂದ ಬಂದ ಚೀಲವೇ ಬೇರೆ.

ನಮ್ಮಲ್ಲಿ ಎತ್ತರದ ಜವೆ ಬಾಗಿ ನೆಲಕ್ಕೆ ಮಲಗುತ್ತಿತ್ತು. ಧಾರವಾಡ ಕೃಷಿ ವಿಶ್ವವಿದ್ಯಾಲಯ ಡಿಡಿಕೆ 1025, ಡಿಡಿಕೆ 1029 ಎಂಬ ಗಿಡ್ಡ ತಳಿ ಕೊಟ್ಟಿತು. ಹೊಟ್ಟು ಅವಕ್ಕೂ ಇದೆ. ರೇಟು ಮಾತಾಡುವಾಗ ಹೊಟ್ಟು ಸಹಿತವೋ, ಬಿಡಿಸಿದ ಕಾಳಿಗೋ ಅಂತ ಮೊದಲೇ ಕೇಳಿಕೊಳ್ಳಿ.